ಹೊಸ ಕಾರ್ಡಿನಲ್ಲಿ ಹಳೇ ಮೇಕ್‌ಫೈಲು

ಅಘನಾಶಿನಿ ಹೊಳೆಯ ಬದಿಗೆ ನಮ್ಮ ಮಾವನ ಮನೆ. ಅತ್ತೆ ಮತ್ತು ಅಕ್ಕಪಕ್ಕದ ನಾಲ್ಕಾರು ಹೆಂಗಸರು ಇಳಿತದ ಹೊತ್ತು ನೋಡಿ ಬಳಚು ತೆಗೆಯಲು ಹೊಳೆಗೆ ಇಳಿಯುತ್ತಾರೆ. ಅವರ ಅಡುಗೆಮನೆ ಗೋಡೆಯ ಮೇಲೆ ಕ್ಯಾಲೆಂಡರಿನ ಪಕ್ಕ ಪ್ರತಿ ತಿಂಗಳು ಒಂದು ಎ4 ಹಾಳೆ ಅಂಟಿರುತ್ತದೆ. ಅದರಲ್ಲಿ ಭರತ ಯಾವಾಗ, ಇಳಿತ ಯಾವಾಗ, ನೀರು ಎಷ್ಟು ಎಂದು ಕನ್ನಡದಲ್ಲಿ ಬರೆದಿರುತ್ತದೆ, ಜೊತೆಗೆ ಒಂದು ಅಲೆಯಂಥ ಗೆರೆ. ಹಾಳೆ ಬೇಕಾಗಿರುವುದು ಮಾವನಿಗಲ್ಲ. ಅವರಿಗೆ ತಿಥಿ ಹೇಳಿದರೆ ಸಾಕು, ಬೆರಳು ಮಡಚಿ ಹೊತ್ತು ಹೇಳುತ್ತಾರೆ. ಬೇಕಾಗಿರುವುದು ಅತ್ತೆಗೆ. ಬರುವ ವಾರ ಎರಡು ಮದುವೆ, ಒಂದು ಸತ್ಯನಾರಾಯಣ ಪೂಜೆ ಇದ್ದರೆ ನಡುವೆ ಯಾವ ದಿನ ಹೊಳೆಗೆ ಹೋಗಬಹುದು ಅಂತ ಮೊದಲೇ ನೋಡಿಕೊಳ್ಳಬೇಕಲ್ವಾ.

ಆ ಹಾಳೆ ತಯಾರಾಗುವುದು ಕುಮಟಾದ ನಮ್ಮ ಮನೆಯಲ್ಲಿ, ಟಿವಿ ಹಿಂದೆ ಕೂತಿರುವ ರಾಸ್ಪ್‌ಬೆರಿ ಪೈ 3 ಎಂಬ ಒಂದು ಪುಟ್ಟ ಕಂಪ್ಯೂಟರಿನ ಒಳಗೆ. ಪ್ರೋಗ್ರಾಂ ನಾನೇ ಸಿ ಭಾಷೆಯಲ್ಲಿ ಬರೆದದ್ದು. ದೊಡ್ಡ ವಿದ್ಯೆ ಏನಲ್ಲ. ಚಂದ್ರನ ಎಳೆತಕ್ಕೆ 12.42 ಗಂಟೆಯ ಒಂದು ಅಲೆ, ಸೂರ್ಯನದಕ್ಕೆ 12 ಗಂಟೆಯದು, ಜೊತೆಗೆ 23.93 ಮತ್ತು 25.82 ಗಂಟೆಯ ಇನ್ನೆರಡು. ನಾಲ್ಕನ್ನೂ ಕೂಡಿಸಿದರೆ ನಮ್ಮ ಕರಾವಳಿಯ ನೀರಿನ ಏರಿಳಿತ ಸುಮಾರಾಗಿ ಸಿಗುತ್ತದೆ. ದಿನಕ್ಕೆ ಎರಡು ಭರತ, ಎರಡೂ ಒಂದೇ ಎತ್ತರ ಅಲ್ಲ. ಯಾವ ಅಲೆ ಎಷ್ಟು ಎತ್ತರ, ಎಷ್ಟು ಹಿಂದೆ ಅಥವಾ ಮುಂದೆ ಎಂಬುದನ್ನು ಮಾತ್ರ ಜಾಗದಲ್ಲೇ ಅಳೆಯಬೇಕು. ಅದಕ್ಕೆ ಮಾವನ ದೋಣಿ ಕಟ್ಟುವ ಜಾಗದಲ್ಲಿ ಒಂದು ಬಿದಿರು ನೆಟ್ಟು ಪೇಂಟಿನಲ್ಲಿ ಗೆರೆ ಹಾಕಿದ್ದೆವು. ಮಾವನ ಮಗ ಬಿಡುವಾದಾಗೆಲ್ಲ ಓದಿ ಫೋನಿಗೆ ಕಳಿಸಿದ. ಒಟ್ಟು 412 ಅಳತೆ. ಈ ಸಂಖ್ಯೆ ನೆನಪಿಡಿ, ಮುಂದೆ ಬರುತ್ತದೆ.

ಈ ಸಲದ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು, ಪೈ ಒಳಗಿನ ಮೆಮೊರಿ ಕಾರ್ಡು ಸತ್ತಿತು. ಪೂರ್ತಿ ಸತ್ತಿರಲಿಲ್ಲ. ಓದಲು ಬಿಡುತ್ತಿತ್ತು, ಬರೆಯಲು ಬಿಡುತ್ತಿರಲಿಲ್ಲ. ನನ್ನ ಫೋಲ್ಡರನ್ನು ಪೆನ್‌ಡ್ರೈವಿಗೆ ಎತ್ತಿಕೊಂಡೆ. ಹೊಸ ಕಾರ್ಡು ತಂದೆ. ಹೇಗೂ ಹೊಸದಾಗಿ ಹಾಕುವುದಲ್ವಾ ಅಂತ ಪೈನ ಆಪರೇಟಿಂಗ್ ಸಿಸ್ಟಮ್ಮಿನ ಹಳೇ 2019ರ 32-ಬಿಟ್ ಆವೃತ್ತಿ ಬಸ್ಟರ್ ಬಿಟ್ಟು, ಹೊಸ 64-ಬಿಟ್ ಆವೃತ್ತಿ ಬುಕ್‌ವರ್ಮ್ ಹಾಕಿದೆ. ಪೈ 3ರ ಪ್ರೊಸೆಸರು 64-ಬಿಟ್ಟಿನದೇ. ಇಷ್ಟು ದಿನ ಸುಮ್ನೆ ಅರ್ಧ ಓಡುತ್ತಿತ್ತಲ್ಲ ಅಂತ ಅನ್ನಿಸಿತ್ತು. ಶನಿವಾರ ರಾತ್ರಿ ಊಟ ಮುಗಿಸಿ ಕೂತೆ. ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ.

ಪ್ರೋಗ್ರಾಂ ಕಟ್ಟುವ ಸಾಧನದ ಹೆಸರು ಮೇಕ್. ಏನನ್ನು ಹೇಗೆ ಕಟ್ಟಬೇಕು ಅಂತ ಅದಕ್ಕೆ ಬರೆದಿಟ್ಟ ಪಟ್ಟಿ ಮೇಕ್‌ಫೈಲು. ಮೇಕ್ ಅಂತ ಹೊಡೆದೆ. ಮೊದಲ ಏಟಿಗೆ ಪ್ಯಾಂಗೋಕೈರೋ.ಎಚ್ ಇಲ್ಲ ಅಂದಿತು. ಅಕ್ಷರ, ಚಿತ್ರ ಬಿಡಿಸುವ ಪ್ಯಾಂಗೋ ಲೈಬ್ರರಿಯ ಫೈಲು ಅದು. ಇದು ಗೊತ್ತಿದ್ದದ್ದೇ. ಹೊಸ ಕಾರ್ಡಿನಲ್ಲಿ ಡೆವಲಪ್‌ಮೆಂಟ್ ಪ್ಯಾಕೇಜು ಹಾಕಿರಲಿಲ್ಲ. ಪ್ರೋಗ್ರಾಂ ಓಡಲು ಬೇಕಾದ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು ಬೇರೆ, ಅದರಲ್ಲಿ ಏನೇನಿದೆ ಅಂತ ಹೇಳುವ, ಪ್ರೋಗ್ರಾಂ ಕಟ್ಟಲು ಬೇಕಾದ ಹೆಡರ್ ಫೈಲುಗಳು ಬೇರೆ. ಪೈನ ಆಪರೇಟಿಂಗ್ ಸಿಸ್ಟಮ್ ಸೇರಿದ ಡೆಬಿಯನ್ ಲಿನಕ್ಸ್ ಬಳಗದಲ್ಲಿ ಈ ಎರಡನೆಯದರ ಹೆಸರು -ಡೆವ್ ಅಂತ ಮುಗಿಯುತ್ತದೆ. ಲಿಬ್‌ಪ್ಯಾಂಗೋ1.0-ಡೆವ್ ಹಾಕಿದೆ. ಅದರ ಬಾಲ ಹಿಡಿದು ಕೈರೋ, ಗ್ಲಿಬ್, ಹಾರ್ಫ್‌ಬಜ್ ಎಲ್ಲದರ ಹೆಡರುಗಳೂ ಬಂದವು.

ಪ್ಯಾಂಗೋ ಯಾಕೆ ಅಂತ ಕೇಳಬಹುದು. ನಾಲ್ಕು ಗೆರೆ ಎಳೆಯಲು ಅಷ್ಟು ದೊಡ್ಡ ಸಾಮಾನು ಬೇಡ. ಆದರೆ ಕನ್ನಡ ಅಕ್ಷರ ಬರೆಯಬೇಕು. ಮೊದಲು ಒಂದು ಚಿಕ್ಕ ಲೈಬ್ರರಿ ಹಿಡಿದು ಮಾಡಿದ್ದಾಗ ಒತ್ತಕ್ಷರ ಕೆಳಗೆ ಕೂರುತ್ತಲೇ ಇರಲಿಲ್ಲ. 'ಅಷ್ಟಮಿ' ಎಂಬುದು 'ಅಷ್‌ಟಮಿ' ಆಗಿ, ಮಾವ ಅದನ್ನು ಓದಿ ಓದಿ ನಕ್ಕಿದ್ದರು. ಅಕ್ಷರ ಜೋಡಿಸುವುದು ಪ್ಯಾಂಗೋದಂಥದ್ದರ ಕೆಲಸ. ಅದಿಲ್ಲದೆ ಕನ್ನಡ ಇಲ್ಲ.

ಮತ್ತೆ ಮೇಕ್. ಈ ಸಲ: ಗ್ಲಿಬ್‌ಕಾನ್ಫಿಗ್.ಎಚ್, ನೋ ಸಚ್ ಫೈಲ್ ಆರ್ ಡೈರೆಕ್ಟರಿ.

ಇದು ಸ್ವಲ್ಪ ತಲೆ ತಿಂದಿತು. ಗ್ಲಿಬ್‌ನ -ಡೆವ್ ಪ್ಯಾಕೇಜು ಈಗಷ್ಟೇ ಬಂದು ಕೂತಿದೆ. ಗ್ಲಿಬ್.ಎಚ್ ಸಿಕ್ಕಿದೆ. ಅದು ಒಳಗೆ ಕರೆಯುವ ಗ್ಲಿಬ್‌ಕಾನ್ಫಿಗ್.ಎಚ್ ಮಾತ್ರ ಸಿಕ್ಕಿಲ್ಲ. ಫೈಲು ಇಲ್ಲವೋ, ಇದ್ದೂ ಕಾಣುತ್ತಿಲ್ಲವೋ ಅಂತ ಮೊದಲು ನೋಡಬೇಕು. ಇದಕ್ಕೆ ಊಹೆ ಬೇಡ. ಡಿಪಿಕೆಜಿ -ಎಲ್ ಅಂತ ಹೊಡೆದು ಪ್ಯಾಕೇಜಿನ ಹೆಸರು ಕೊಟ್ಟರೆ ಅದು ಎಲ್ಲೆಲ್ಲಿ ಏನೇನು ಇಟ್ಟಿದೆ ಎಂದು ಪಟ್ಟಿ ಕೊಡುತ್ತದೆ. ಪ್ಯಾಕೇಜೇ ಗೊತ್ತಿಲ್ಲದಿದ್ದರೆ ಏಪ್ಟ್-ಫೈಲ್ ಇದೆ, ಇನ್ನೂ ಹಾಕಿರದ ಪ್ಯಾಕೇಜುಗಳ ಒಳಗೂ ಹುಡುಕುತ್ತದೆ. ಪಟ್ಟಿಯಲ್ಲಿ ಫೈಲು ಇತ್ತು. ಇದ್ದದ್ದು /ಯುಎಸ್‌ಆರ್/ಲಿಬ್/ಎಆರ್ಚ್64-ಲಿನಕ್ಸ್-ಗ್ನು/ಗ್ಲಿಬ್-2.0/ಇನ್‌ಕ್ಲೂಡ್ ಒಳಗೆ. ನನ್ನ ಮೇಕ್‌ಫೈಲಿನಲ್ಲಿ ನಾನೇ ಕೈಯಾರೆ ಬರೆದಿಟ್ಟ ಜಾಗ /ಯುಎಸ್‌ಆರ್/ಲಿಬ್/ಆರ್ಮ್-ಲಿನಕ್ಸ್-ಗ್ನುಇಎಬಿಐಎಚ್‌ಎಫ್ ಒಳಗಿನದು. ಅದು 32-ಬಿಟ್ಟಿನವರ ಕೇರಿ. ಹೊಸ ಕಾರ್ಡಿನಲ್ಲಿ ಆ ಕೇರಿಯೇ ಇಲ್ಲ.

ಅಷ್ಟು ಹೊತ್ತಿಗೆ ಮಾವನ ಫೋನು ಬಂತು. ಹಾಳೆ ಆಯ್ತಾ ಅಂತ.

"ಇಲ್ಲ ಮಾವ. ಫೈಲು ಎಲ್ಲ ಇದೆ. ಜಾಗ ಬದಲಾಗಿದೆ. ಪ್ರೋಗ್ರಾಂ ಹಳೇ ಜಾಗದಲ್ಲೇ ಹುಡುಕ್ತಾ ಇದೆ."

"ಹಾಂ, ಗೊತ್ತಾಯ್ತು ಬಿಡು ತಮ್ಮಾ. ಸೀಬರ್ಡ್ ಬಂದ ಮೇಲೂ ಅರ್ಗಾದ ಅಕ್ಕನಿಗೆ ಹಳೇ ವಿಳಾಸಕ್ಕೇ ಮದುವೆ ಕಾಗದ ಹಾಕಿದ್ದೆವಲ್ಲ, ಹಾಗೆ."

"ಹಾಗೇ."

"ಮತ್ತೆ ಆ ಕಾಗದ ತಲುಪಿತ್ತು ಮಾರಾಯ. ಪೋಸ್ಟಿನವನಿಗೆ ಅಕ್ಕ ಯಾವ ಕಾಲೊನಿಗೆ ಹೋಗಿದ್ದಾಳೆ ಅಂತ ಗೊತ್ತಿತ್ತು."

ಕಾರವಾರ–ಅಂಕೋಲಾ ನಡುವೆ ನೌಕಾನೆಲೆಗೆ ಜಾಗ ಬಿಟ್ಟ ಊರುಗಳ ನೆಂಟರು ನಮ್ಮಲ್ಲಿ ಬಹಳ ಮನೆಗಳಿಗೆ ಇದ್ದಾರೆ. ಹಾಗಾಗಿ ಮಾವನಿಗೆ ಇದು ಎರಡನೇ ಸಲ ಹೇಳಬೇಕಾಗಲಿಲ್ಲ. ನನಗೆ ಮಾತ್ರ ಅವರ ಪೋಸ್ಟಿನವನು ತಲೆಗೆ ಹೊಕ್ಕ. ಲಿನಕ್ಸಿನಲ್ಲೂ ಅಂಥ ಪೋಸ್ಟಿನವನಿದ್ದಾನೆ, ಸಿಮ್‌ಲಿಂಕ್ ಅಂತ. ಹಳೇ ಹೆಸರಿನ ಒಂದು ಬೋರ್ಡು ನಿಲ್ಲಿಸಿ, ಇಲ್ಲಿ ಬಂದವರು ಅಲ್ಲಿಗೆ ಹೋಗಿ ಅಂತ ಬರೆದ ಹಾಗೆ. ಒಂದೇ ಸಾಲು ಹೊಡೆದೆ. ಗ್ಲಿಬ್‌ಕಾನ್ಫಿಗ್ ಸಿಕ್ಕೇಬಿಟ್ಟಿತು.

ಆಮೇಲೆ ಅದನ್ನು ಅಳಿಸಿದೆ. ಯಾಕೆಂದು ಹೇಳುತ್ತೇನೆ, ಏಕೆಂದರೆ ಈ ಉಪಾಯ ಹೇಳಿಕೊಡುವವರು ಜಾಸ್ತಿ. ಕೇರಿಗಳಿಗೆ ಇಷ್ಟುದ್ದದ ಹೆಸರು ಇಟ್ಟಿರುವುದು ಸುಮ್ನೆ ಅಲ್ಲ. ಒಂದೇ ಯಂತ್ರದಲ್ಲಿ 32-ಬಿಟ್ ಲೈಬ್ರರಿ ಮತ್ತು 64-ಬಿಟ್ ಲೈಬ್ರರಿ ಎರಡೂ ಜಗಳವಿಲ್ಲದೆ ಪಕ್ಕಪಕ್ಕ ಇರಲಿ ಅಂತ. ಡೆಬಿಯನ್‌ನಲ್ಲಿ ಈ ಏರ್ಪಾಡು 2013ರ ವೀಝಿ ಆವೃತ್ತಿಯಿಂದ ಇದೆ. ನಾಳೆ ಯಾವುದೋ ಹಳೇ ಪ್ರೋಗ್ರಾಮಿಗಾಗಿ ನಾನು 32-ಬಿಟ್ ಲೈಬ್ರರಿ ಒಂದನ್ನು ಹಾಕಿದೆ ಅಂತಿಟ್ಟುಕೊಳ್ಳಿ. ಅದು ತನ್ನ ಕೇರಿ ಅಂದುಕೊಂಡು ನನ್ನ ಬೋರ್ಡು ಹಿಡಿದು 64ರ ಕೇರಿಗೇ ನುಗ್ಗುತ್ತದೆ. ಅಲ್ಲಿ ಅದೇ ಹೆಸರಿನ ಫೈಲು ಇದ್ದರೆ ಅದರ ಮೇಲೇ ಕೂರುತ್ತದೆ. ಆಗ ಪೈ ಎದ್ದೇಳುವುದೂ ಅನುಮಾನ. ಪೋಸ್ಟಿನವನನ್ನು ನಂಬಿ ಮನೆಯನ್ನೇ ಕೊಟ್ಟ ಹಾಗೆ.

ಸರಿ, ಮೇಕ್‌ಫೈಲಿನಲ್ಲೇ ಜಾಗ ತಿದ್ದಿ ಮತ್ತೆ ಹೊಡೆದೆ. ಗ್ಲಿಬ್‌ಕಾನ್ಫಿಗ್ ಮುಗಿಯಿತು. ಹೊಸದೊಂದು ಬಂತು: ಪ್ಯಾಂಗೋ-ಕವರೇಜ್.ಎಚ್ ಎಂಬ ಹೆಡರಿನ ಒಳಗಿಂದ ದೂರು, ಎಚ್‌ಬಿ.ಎಚ್ ಇಲ್ಲ ಅಂತ. ನನ್ನ ಪ್ರೋಗ್ರಾಮಿನಲ್ಲಿ ಎಚ್‌ಬಿ.ಎಚ್ ಎಂಬ ಹೆಸರೇ ಇಲ್ಲ. ಎಂತದು ಇದು ಅಂತ ಹುಡುಕಿದರೆ, 2019ರಲ್ಲಿ ಬಂದ ಪ್ಯಾಂಗೋ 1.44ರಿಂದ ಅದರ ಹೆಡರುಗಳೇ ಹಾರ್ಫ್‌ಬಜ್‌ನ ಹೆಡರನ್ನು ಕರೆಯುತ್ತವೆ. ಬಸ್ಟರ್‌ನಲ್ಲಿ ಇದ್ದದ್ದು 1.42. ಬುಕ್‌ವರ್ಮ್‌ನಲ್ಲಿ ಇರುವುದು 1.50. ನಾನು ಆರು ವರ್ಷದ ಹಿಂದೆ ಬರೆದಿಟ್ಟ ಪಟ್ಟಿಯಲ್ಲಿ /ಯುಎಸ್‌ಆರ್/ಇನ್‌ಕ್ಲೂಡ್/ಹಾರ್ಫ್‌ಬಜ್ ಇರಲು ಸಾಧ್ಯವೇ ಇಲ್ಲ. ಅಂದರೆ ಇಲ್ಲಿ ಯಾರೂ ಜಾಗ ಬದಲಿಸಿರಲಿಲ್ಲ. ಮನೆಗೆ ಹೊಸ ಸೊಸೆ ಬಂದಿದ್ದಳು, ಆಮಂತ್ರಣದ ಪಟ್ಟಿಯಲ್ಲಿ ಅವಳ ತವರು ಇರಲಿಲ್ಲ, ಅಷ್ಟೇ.

ಇಷ್ಟಾದ ಮೇಲೆ ನಾಚಿಕೆಯಾಗಿ, ನಾನು ಕೈಯಾರೆ ಜಾಗಗಳನ್ನು ಬರೆದಿಟ್ಟಿದ್ದ ಏಳು ಸಾಲನ್ನೂ ಅಳಿಸಿ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಪಿಕೆಜಿ-ಕಾನ್ಫಿಗ್ ಅಂತ ಒಂದು ಸಣ್ಣ ಸಾಧನ ಇದೆ. ಪ್ರತಿ -ಡೆವ್ ಪ್ಯಾಕೇಜೂ ತಾನು ಎಲ್ಲಿದ್ದೇನೆ, ತನಗೆ ಇನ್ನು ಯಾರ್‍ಯಾರು ಬೇಕು ಅಂತ .ಪಿಸಿ ಎಂಬ ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಇದು ಅದನ್ನು ಓದಿ ಹೇಳುತ್ತದೆ. ಪಿಕೆಜಿ-ಕಾನ್ಫಿಗ್ ಹೆಸರಿನ ಮುಂದೆ --ಸಿಫ್ಲ್ಯಾಗ್ಸ್ ಎಂದು ಬರೆದು ಪ್ಯಾಂಗೋಕೈರೋ ಅಂದರೆ ಹೆಡರುಗಳ ಜಾಗವೆಲ್ಲ, --ಲಿಬ್ಸ್ ಅಂದರೆ ಲೈಬ್ರರಿಗಳ ಹೆಸರೆಲ್ಲ. ಹೊಡೆದು ನೋಡಿದೆ. ಹಾರ್ಫ್‌ಬಜ್, ಫ್ರೀಟೈಪ್, ನಾನು ಹೆಸರೂ ಕೇಳಿರದ ಇನ್ನೂ ಕೆಲವರು, ಎಲ್ಲ ಒಂದೇ ಉಸಿರಿಗೆ ಬಂದರು. ಮೇಕ್‌ಫೈಲಿನಲ್ಲಿ ಏಳು ಸಾಲಿನ ಜಾಗಕ್ಕೆ ಎರಡು ಸಾಲು. ಬುಕ್‌ವರ್ಮ್‌ನಲ್ಲಿ ಈ ಸಾಧನದ ಬದಲಿಗೆ ಪಿಕೆಜಿಕಾನ್ಫ್ ಎಂಬುದು ಕೂತಿದೆ, ಆದರೆ ಹಳೇ ಹೆಸರಿನಿಂದ ಕರೆದರೂ ಓಗೊಡುತ್ತದೆ.

ಮೇಕ್. ಕಂಪೈಲ್ ಆಯಿತು! ಜೋಡಿಸುವಾಗ ಬಿತ್ತು. ಲೆಕ್ಕ.ಓ ಫೈಲಿನ ಮೇಲೆ ದೂರು: ರೀಲೊಕೇಶನ್ಸ್ ಇನ್ ಜೆನೆರಿಕ್ ಇಎಲ್‌ಎಫ್, ಇಎಂ 40. ಕೆಳಗೆ, ಫೈಲ್ ಇನ್ ರಾಂಗ್ ಫಾರ್ಮ್ಯಾಟ್. ಇಎಂ ಎಂದರೆ ಯಾವ ಯಂತ್ರಕ್ಕೆ ಕಟ್ಟಿದ್ದು ಎಂಬ ಗುರುತಿನ ಸಂಖ್ಯೆ. 40 ಎಂದರೆ 32-ಬಿಟ್ ಆರ್ಮ್. 64-ಬಿಟ್ಟಿನದು 183. ಪೆನ್‌ಡ್ರೈವಿನಲ್ಲಿ ಹಿಂದೆ ಕಂಪೈಲ್ ಆಗಿದ್ದ ಹಳೇ .ಓ ಫೈಲುಗಳೂ ಬಂದಿದ್ದವು. ಚಿತ್ರ ಬಿಡಿಸುವ ಫೈಲಿಗೆ ಕೈ ಹಾಕಿದ್ದರಿಂದ ಅದೊಂದನ್ನು ಮೇಕ್ ಹೊಸದಾಗಿ ಕಟ್ಟಿತ್ತು. ಲೆಕ್ಕದ ಫೈಲು ಮುಟ್ಟಿರಲಿಲ್ಲ. ಮೇಕ್ ತಾರೀಕು ಮಾತ್ರ ನೋಡುತ್ತದೆ, ಯಂತ್ರ ನೋಡುವುದಿಲ್ಲ. ಮೇಕ್ ಕ್ಲೀನ್ ಹೊಡೆದು ಹಳೇ .ಓ ಎಲ್ಲ ಅಳಿಸಿ, ಮತ್ತೆ ಮೇಕ್. ಎಚ್ಚರಿಕೆಯೂ ಇಲ್ಲದೆ ಮುಗಿಯಿತು. ಗಂಟೆ ಹನ್ನೆರಡೂವರೆ. ಖುಷಿಯಾಯಿತು. ಓಡಿಸಿದೆ.

412ರ ಬದಲು '206 ಅಳತೆ ಓದಿದೆ' ಅಂತ ಒಂದು ಸಾಲು ಬರೆದು, ಸೆಗ್ಮೆಂಟೇಶನ್ ಫಾಲ್ಟ್ ಅಂತ ಸತ್ತಿತು.

ನಿಜ ಹೇಳಬೇಕೆಂದರೆ ಆ 206ನ್ನು ನಾನು ಆ ರಾತ್ರಿ ನೋಡಲೇ ಇಲ್ಲ. ಕಣ್ಣು ಎರಡನೇ ಸಾಲಿನ ಮೇಲೇ ಇತ್ತು. ಕಾರ್ಡು ಸರಿ ಇಲ್ಲವೇನೋ, ಪ್ಯಾಂಗೋ ಏನೋ ಮಾಡುತ್ತಿದೆಯೇನೋ ಅಂತ ಇಲ್ಲದ ಕಡೆಯೆಲ್ಲ ಹುಡುಕಿ ಮಲಗಿದೆ. ಬೆಳಿಗ್ಗೆ ಚಾ ಕುಡಿಯುತ್ತ, ಪ್ರೋಗ್ರಾಂ ಎಲ್ಲಿ ಬಿತ್ತು ಅಂತ ತೋರಿಸುವ ಜಿಡಿಬಿಯಲ್ಲಿ ಓಡಿಸಿದಾಗ ಗೊತ್ತಾಯಿತು, ಸತ್ತದ್ದು ಚಿತ್ರದಲ್ಲಿ ಅಲ್ಲ. ಮೊದಲ ಅಳತೆಯ ತಾರೀಕನ್ನು ತೋರಿಸುವ ಕಡೆ. ಸೆಕೆಂಡುಗಳ ಲೆಕ್ಕವನ್ನು ತಾರೀಕು ಮಾಡಿ ಕೊಡುವ ಲೋಕಲ್‌ಟೈಮ್ ಏನನ್ನೂ ವಾಪಸು ಕೊಟ್ಟಿರಲಿಲ್ಲ. ಅದಕ್ಕೆ ಹೋಗಿದ್ದ ಸಮಯದ ಸಂಖ್ಯೆಯನ್ನು ವರ್ಷಕ್ಕೆ ಭಾಗಿಸಿ ನೋಡಿದೆ. ಸುಮಾರು 14,500 ಕೋಟಿ ವರ್ಷ. ಈ ಬ್ರಹ್ಮಾಂಡಕ್ಕೇ 1,380 ಕೋಟಿ ವರ್ಷ ಅಂತಾರೆ. ಮಾವನ ಮಗ ಅದರ ಹತ್ತು ಪಟ್ಟು ಮುಂದೆ ಹೋಗಿ ಬಿದಿರಿನ ಗೆರೆ ಓದಿ ಬಂದಿದ್ದ!

ಆಗ 206 ಕಣ್ಣಿಗೆ ಬಿತ್ತು. 412ರ ಸರಿಯಾಗಿ ಅರ್ಧ.

ಅಳತೆಗಳ ಫೈಲನ್ನು ಬೈಟುಗಳಾಗಿ ಬಿಚ್ಚಿ ಪರದೆ ತುಂಬ ಹರಡಿದೆ. 3296 ಬೈಟು. 412ರಿಂದ ಭಾಗಿಸಿದರೆ ಒಂದೊಂದು ಅಳತೆಗೆ 8. ಮೊದಲ ಅಳತೆಯ ಕೊನೆಯ ನಾಲ್ಕು ಬೈಟು, ಹದಿನಾರರ ಎಣಿಕೆಯಲ್ಲಿ, 9ಎ 99 99 3ಎಫ್. ಇದನ್ನು ಹಿಂದುಮುಂದಾಗಿ ಓದಿದರೆ 1.2 ಮೀಟರ್. ಅಲ್ಲಿಂದ ಎಂಟು ಬೈಟಿಗೊಂದು 3ಎಫ್, ಮತ್ತೆ 3ಎಫ್, ಮತ್ತೆ 3ಎಫ್, ಪರದೆಯ ಕೆಳಗಿನವರೆಗೆ ಎರಡು ಕಂಬ ನೆಟ್ಟ ಹಾಗೆ. ಅರ್ಧ ಮೀಟರಿನಿಂದ ಎರಡು ಮೀಟರಿನ ಒಳಗಿನ ಯಾವ ದಶಮಾಂಶ ಸಂಖ್ಯೆಯನ್ನು ನಾಲ್ಕು ಬೈಟಿನಲ್ಲಿ ಬರೆದರೂ ಮೇಲಿನ ಬೈಟು 3ಎಫ್ ಆಗಿರುತ್ತದೆ. ನಮ್ಮ ಬಿದಿರಿನ ನೀರು ಅದರೊಳಗೇ ಇತ್ತು. ಅಂದರೆ ಫೈಲು ಚೆನ್ನಾಗಿಯೇ ಇದೆ. ಓದುವವನಿಗೆ ಲೆಕ್ಕ ತಪ್ಪಿದೆ.

ತಪ್ಪಿದ್ದು ಹೀಗೆ. ಸಮಯ ಇಡಲು ಟೈಮ್_ಟಿ, ಎತ್ತರಕ್ಕೆ ಫ್ಲೋಟ್, ಎರಡನ್ನೂ ಒಂದು ಗಂಟು ಕಟ್ಟಿ, ಗಂಟನ್ನೇ ಇದ್ದ ಹಾಗೆ ಫೈಲಿಗೆ ಎಸೆದಿದ್ದೆ. ಹಳೇ ಕಾರ್ಡಿನಲ್ಲಿ ಟೈಮ್_ಟಿ 4 ಬೈಟು, ಗಂಟು 8. ಹೊಸದರಲ್ಲಿ ಟೈಮ್_ಟಿ 8 ಬೈಟು, ಫ್ಲೋಟ್ 4, ಸಾಲು ಸರಿಮಾಡಲು ಖಾಲಿ 4, ಗಂಟು 16. ಹಾಗಾಗಿ ಪ್ರೋಗ್ರಾಂ ಎರಡೆರಡು ಅಳತೆಯನ್ನು ಒಂದು ಅಂದುಕೊಂಡು ನುಂಗಿತು. ಮೊದಲ ಸಮಯ ಮತ್ತು ಮೊದಲ ಎತ್ತರ ಎರಡನ್ನೂ ಅಂಟಿಸಿ ಒಂದೇ ಸಮಯ ಮಾಡಿಕೊಂಡಿತು.

ಆಗ ಹಿಂದಿನ ರಾತ್ರಿಯ ಗ್ಲಿಬ್‌ಕಾನ್ಫಿಗ್ ನೆನಪಾಯಿತು. ಉಳಿದ ಹೆಡರುಗಳೆಲ್ಲ /ಯುಎಸ್‌ಆರ್/ಇನ್‌ಕ್ಲೂಡ್ ಒಳಗೆ ತಣ್ಣಗೆ ಇರುವಾಗ ಅದೊಂದೇ ಯಾಕೆ ಲಿಬ್ ಒಳಗೆ ಯಂತ್ರದ ಹೆಸರಿನ ಕೇರಿಯಲ್ಲಿದೆ ಅಂತ ನಾನು ಕೇಳಿಕೊಂಡೇ ಇರಲಿಲ್ಲ. ತೆರೆದು ನೋಡಿದೆ. ಲಾಂಗ್ ಎಂಬುದಕ್ಕೆ ಎಷ್ಟು ಬೈಟು, ಪಾಯಿಂಟರಿಗೆ ಎಷ್ಟು, ಇಂಥವೇ ಸಾಲುಗಳು. 32ರಲ್ಲಿ 4, 64ರಲ್ಲಿ 8. ಯಂತ್ರಕ್ಕೊಂದು ಥರ ಇರುವುದರಿಂದಲೇ ಅದು ಎಲ್ಲರಿಗೂ ಒಂದೇ ಆದ ಜಾಗದಲ್ಲಿ ಇರುವಂತಿಲ್ಲ. ಅಳತೆ ಬದಲಾಗಿದೆ ಅಂತ ಹೇಳುವ ಫೈಲೇ ಜಾಗ ಬಿಟ್ಟು ಹೋಗಿತ್ತು. ನಾನು ಅದರ ಹೊಸ ವಿಳಾಸ ಬರೆದುಕೊಂಡೆ, ಕಾಗದದಲ್ಲಿ ಏನಿದೆ ಅಂತ ಓದಲಿಲ್ಲ.

32-ಬಿಟ್ಟಿನಲ್ಲೇ ಉಳಿದಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆನಾ? ಸ್ವಲ್ಪ ದಿನ ಮಾತ್ರ. ನಾಲ್ಕು ಬೈಟಿನ ಸಮಯ 2038ರ ಜನವರಿ 19ಕ್ಕೆ ತುಂಬಿ ಹೋಗುತ್ತದೆ. ಅದಕ್ಕಾಗಿ ಡೆಬಿಯನ್ 13ರಲ್ಲಿ 32-ಬಿಟ್ ಆರ್ಮ್‌ಗೂ ಎಂಟು ಬೈಟಿನ ಟೈಮ್_ಟಿ ತಂದಿದ್ದಾರೆ. ಇವತ್ತಲ್ಲ ನಾಳೆ ಈ ಗುಂಡಿಗೆ ಬೀಳುವವನೇ.

ಪರಿಹಾರಕ್ಕೆ ಇಪ್ಪತ್ತು ಸಾಲಿನ ಒಂದು ಪುಟ್ಟ ಪ್ರೋಗ್ರಾಂ ಸಾಕಾಯಿತು. ಸಮಯವನ್ನು ಇಂಟ್32_ಟಿ ಅಂತ ಗಟ್ಟಿಯಾಗಿ ನಾಲ್ಕು ಬೈಟು ಓದು, ಎತ್ತರ ನಾಲ್ಕು ಬೈಟು ಓದು, ತಾರೀಕು-ಗಂಟೆ-ಎತ್ತರ ಅಂತ ಒಂದು ಸಾಲು ಬರೆ. 412 ಸಾಲಿನ ಸಾದಾ ಪಠ್ಯ. ಇನ್ನು ಮುಂದೆ ಅದೇ ಮೂಲ. ಯಾವ ಯಂತ್ರದಲ್ಲಾದರೂ ಬರಿಗಣ್ಣಿನಲ್ಲಿ ಓದಬಹುದು. ಜಾಗ ಜಾಸ್ತಿ ತಿನ್ನುತ್ತದೆ ಅಂತ ಆಗ ಗಂಟು ಕಟ್ಟಿದ್ದೆನಂತೆ. ಮೂರು ಕೆಬಿ ಉಳಿಸಲು!

ಪ್ರೋಗ್ರಾಂ ಓಡಿತು. ಚಿತ್ರ ಬಂತು. ತೆರೆದು ನೋಡದೆಯೇ ಮಾವನ ಫೋನಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನು.

"ತಮ್ಮಾ, ಗೆರೆ ಬಂದಿದೆ. ಅಕ್ಷರದ ಜಾಗದಲ್ಲಿ ಬರೀ ಬೆಂಕಿಪೊಟ್ಟಣ ಇದೆ. ಎಂತದು ಇದು?"

ಹೊಸ ಕಾರ್ಡಿನಲ್ಲಿ ಕನ್ನಡ ಫಾಂಟೇ ಇರಲಿಲ್ಲ. ಎಫ್‌ಸಿ-ಲಿಸ್ಟ್‌ಗೆ ಕನ್ನಡದ ಫಾಂಟು ಯಾವುದಿದೆ ಅಂತ ಕೇಳಿದರೆ ಖಾಲಿ ಸಾಲು. ಫಾಂಟ್ಸ್-ಲೋಹಿತ್-ಕೆಎನ್‌ಡಿಎ ಹಾಕಿದೆ, ಬೆಂಕಿಪೊಟ್ಟಣ ಹೋಯಿತು. ತಿಂಗಳಿಗೊಮ್ಮೆ ತಾನೇ ಓಡುವ ಕ್ರಾನ್ ಸಾಲಿನಲ್ಲಿ /ಹೋಮ್/ಪೈ ಅಂತ ಇತ್ತು. ಈಗ ಪೈ ಎಂಬ ಬಳಕೆದಾರ ತಾನಾಗಿ ಹುಟ್ಟುವುದಿಲ್ಲ, ನನ್ನ ಹೆಸರಿದೆ. ಅದನ್ನೂ ತಿದ್ದಿದೆ.

ನಂಬುವ ಮೊದಲು ಒಂದು ಪರೀಕ್ಷೆ. ಹಳೇ ಕಾರ್ಡು ಸಾಯುವ ಮುಂಚಿನ ತಿಂಗಳ ಹಾಳೆ ಅತ್ತೆಯ ಗೋಡೆಯ ಮೇಲೇ ಇತ್ತು. ಅದೇ ತಿಂಗಳನ್ನು ಹೊಸದರಲ್ಲಿ ಮಾಡಿಸಿದೆ. ಅತ್ತೆ ಫೋನಿನಲ್ಲಿ ಗೋಡೆ ನೋಡಿ ಓದುತ್ತಾ ಹೋದರು, ನಾನು ಇಲ್ಲಿ ಟಿಕ್ ಹಾಕುತ್ತಾ ಹೋದೆ. ಮೊದಲ ವಾರ ಪೂರ್ತಿ ನಿಮಿಷಕ್ಕೆ ನಿಮಿಷ ಸರಿ ಇತ್ತು. ಎರಡನೇ ವಾರದ ನಡುವೆ ಅವರಿಗೆ ಒಲೆ ಮೇಲಿನ ಗಂಜಿ ನೆನಪಾಯಿತು, ಸಾಕು ಮಾರಾಯ ಅಂದರು.

ಮುಂದಿನ ಭಾನುವಾರ ಹಾಳೆ ಹಿಡಿದು ನಾನೇ ಹೋದೆ. ಹಾಳೆಯ ಪ್ರಕಾರ ಇಳಿತ 10 ಗಂಟೆ 40 ನಿಮಿಷಕ್ಕೆ. ಬಿದಿರಿನ ಹತ್ತಿರ ಕೂತು ನೋಡಿದೆವು. ನೀರು ಕೆಳಗಿನ ಗೆರೆ ಮುಟ್ಟಿ ನಿಂತಾಗ ಹನ್ನೊಂದಕ್ಕೆ ಹತ್ತಿರ. ಮೇಲೆ ಘಟ್ಟದಲ್ಲಿ ಎರಡು ದಿನದಿಂದ ಮಳೆ, ಹೊಳೆಯ ನೀರು ಸಮುದ್ರದ ಮಾತು ಕೇಳುವುದಿಲ್ಲ. ಇದು ಮಾವನ ಮಾತು. ಇಪ್ಪತ್ತು ನಿಮಿಷದ ಅಂತರಕ್ಕೆ ಕಂಪೈಲರನ್ನು ಬೈಯುವ ಹಾಗಿಲ್ಲ. ಬಿದಿರಿನ ಮೇಲಿನ ಗೆರೆಗಳು ಮಾತ್ರ ಪಾಚಿ ಕಟ್ಟಿ ಅರ್ಧ ಕಾಣುತ್ತಿರಲಿಲ್ಲ. ಮಳೆ ಬಿಟ್ಟ ಮೇಲೆ ಕೆರೆದು ಹೊಸ ಪೇಂಟು ಹೊಡೆಯಬೇಕು.